ಫ್ಯಾಮಿಲಿ ಕೋರ್ಟ್ ವಕೀಲರು ಮೊದಲ ಭೇಟಿಗೇ ಫೀಸು ಯಾಕೆ ಕೇಳುತ್ತಾರೆ? ಕೊಟ್ಟ ದುಡ್ಡಿಗೆ ಕೆಲಸ ತೆಗೆದುಕೊಳ್ಳುವುದು ಹೇಗೆ?

"ಇನ್ನೂ ಕೇಸೇ ಹಾಕಿಲ್ಲ, ಬರೀ ಮಾತಾಡೋಕೂ ದುಡ್ಡಾ?"

ವಿಚ್ಛೇದನ, ಜೀವನಾಂಶ, ಮಗುವಿನ ಕಸ್ಟಡಿ ಅಂತ ಮೊದಲ ಸಲ ವಕೀಲರ ಆಫೀಸಿಗೆ ಫೋನ್ ಮಾಡಿದವರು ಕೇಳುವ ಮಾತು ಇದು. ಸಿಟ್ಟು ಬರುವುದು ಸಹಜ. ಸಂಸಾರ ಮುರಿಯುವ ಹಂತದಲ್ಲಿದೆ, ಕೈಯಲ್ಲಿ ದುಡ್ಡು ಕಮ್ಮಿ, ಅದರ ಮೇಲೆ ಇದೊಂದು. ಪರಿಚಯದ ವಕೀಲರೊಬ್ಬರು ಕಾಫಿ ಕುಡಿಸಿ ಪುಕ್ಕಟೆ ಸಲಹೆ ಕೊಟ್ಟಿದ್ದರೆ ಇನ್ನೂ ಜಾಸ್ತಿ ಸಿಟ್ಟು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೌಟುಂಬಿಕ ವಿಷಯದಲ್ಲಿ ಮೊದಲ ಭೇಟಿಗೆ ಫೀಸು ಕೇಳುವುದರಲ್ಲಿ ತಪ್ಪೇನಿಲ್ಲ. ಕೊಡುವುದೂ ದಂಡವಲ್ಲ. "ನಿಮಗೆ ಕೇಸೇ ಬೇಡ" ಎಂದು ಹೇಳುವ ಸ್ವಾತಂತ್ರ್ಯ ವಕೀಲರಿಗೆ ಸಿಗುವುದು ಆ ಫೀಸಿನಿಂದ. ಅದನ್ನು ವಸೂಲಿ ಮಾಡುವುದು ಮಾತ್ರ ನಿಮ್ಮ ಕೈಯಲ್ಲಿದೆ.

ಆ ಒಂದು ಗಂಟೆಯಲ್ಲಿ ನಡೆಯುವುದೇನು?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮದುವೆ ಆಗಿದ್ದು ಶಿವಮೊಗ್ಗದ ಕಲ್ಯಾಣ ಮಂಟಪದಲ್ಲಿ. ಸಂಸಾರ ಹೂಡಿದ್ದು ಪುಣೆಯಲ್ಲಿ. ಜಗಳವಾಗಿ ಹೆಂಡತಿ ಈಗ ಹಾಸನದ ತವರುಮನೆಯಲ್ಲಿದ್ದಾಳೆ. ಗಂಡ ಪುಣೆಯಲ್ಲೇ ಇದ್ದಾನೆ. ಮದುವೆಯಾಗಿ ಹತ್ತು ತಿಂಗಳು.

ಹೆಂಡತಿ ತಂದೆಯ ಜೊತೆ ವಕೀಲರ ಮುಂದೆ ಕೂತಿದ್ದಾಳೆ. "ಅತ್ತೆ ಮೊದಲ ದಿನದಿಂದಲೇ..." ಎಂದು ಶುರು ಮಾಡುತ್ತಾಳೆ. ಅನುಭವ ಇರುವ ವಕೀಲರು ಅದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಮೆಲ್ಲಗೆ ಕೇಳುತ್ತಾರೆ: "ಮದುವೆ ತಾರೀಖು ಹೇಳಮ್ಮ."

ಆ ತಾರೀಖಿನಲ್ಲೇ ಅರ್ಧ ಕೇಸು ಇದೆ. 1955ರ ಹಿಂದೂ ವಿವಾಹ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮದುವೆಯಾಗಿ ಒಂದು ವರ್ಷ ಆಗುವವರೆಗೆ ಸಾಮಾನ್ಯವಾಗಿ ವಿಚ್ಛೇದನದ ಅರ್ಜಿ ಹಾಕುವಂತಿಲ್ಲ. ಅಸಾಧಾರಣ ಕಷ್ಟ ಇದೆ ಎಂದು ತೋರಿಸಿ ಕೋರ್ಟಿನ ಅನುಮತಿ ಪಡೆದರೆ ಮಾತ್ರ ಹಾಕಬಹುದು. ಅಂದರೆ "ನಾಳೆನೇ ಡಿವೋರ್ಸ್ ಹಾಕಿ ಸಾರ್" ಎಂದು ಬಂದ ಅಪ್ಪನಿಗೆ ಅಲ್ಲೇ ಉತ್ತರ ಸಿಕ್ಕಿತು.

ಹಾಗಂತ ಸುಮ್ನೆ ಕೂರಬೇಕಾಗಿಲ್ಲ. ಜೀವನಾಂಶಕ್ಕೆ ಆ ಒಂದು ವರ್ಷದ ತಡೆ ಇಲ್ಲ. ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಸೆಕ್ಷನ್ನಿನ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಬಂದಿದೆ. ಅದರಡಿ ಅವಳು ತಾನು ಇರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಹೊಡೆತ, ಬೆದರಿಕೆ, ಮನೆಯಿಂದ ಹೊರಹಾಕಿದ್ದು ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ಜನ ಇದನ್ನೇ ಡಿವಿ ಕೇಸು ಅನ್ನುವುದು.

ಆಮೇಲೆ ವಿಚ್ಛೇದನದ ಅರ್ಜಿ ಎಲ್ಲಿ ಹಾಕುವುದು ಎಂಬ ಪ್ರಶ್ನೆ. ಹಿಂದೂ ವಿವಾಹ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮದುವೆ ನಡೆದ ಜಾಗ, ಕೊನೆಯದಾಗಿ ಇಬ್ಬರೂ ಒಟ್ಟಿಗಿದ್ದ ಜಾಗ, ಎದುರು ಪಾರ್ಟಿ ಇರುವ ಜಾಗ, ಇಷ್ಟರಲ್ಲಿ ಎಲ್ಲಾದರೂ ಹಾಕಬಹುದು. 2003ರ ತಿದ್ದುಪಡಿಯ ನಂತರ, ಅರ್ಜಿ ಹಾಕುವವಳು ಹೆಂಡತಿಯಾದರೆ ಅವಳು ಈಗ ಇರುವ ಊರಲ್ಲೂ ಹಾಕಬಹುದು. ಹಾಗಾಗಿ ನಮ್ಮ ಉದಾಹರಣೆಯಲ್ಲಿ ಶಿವಮೊಗ್ಗ, ಪುಣೆ, ಹಾಸನ ಮೂರೂ ಆಗುತ್ತವೆ. ವಾಯ್ದೆಗೆ ವಾಯ್ದೆಗೆ ಪುಣೆಗೆ ಓಡಾಡುವುದಕ್ಕೂ ಹಾಸನದಲ್ಲೇ ಮುಗಿಸುವುದಕ್ಕೂ ಎಷ್ಟು ವ್ಯತ್ಯಾಸ, ಅಲ್ವಾ?

ಕೊನೆಗೆ, ಇಬ್ಬರೂ ಒಪ್ಪಿದರೆ ಏನು? ಅದೇ ಕಾಯ್ದೆಯ 13ಬಿ ಸೆಕ್ಷನ್ ಪ್ರಕಾರ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ಸೂಕ್ತ ಪ್ರಕರಣಗಳಲ್ಲಿ ಕೋರ್ಟ್ ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಇಷ್ಟಕ್ಕೂ ಒಂದು ಹಾಳೆಯೂ ಟೈಪ್ ಆಗಿಲ್ಲ ನೋಡಿ. ಆದರೆ ಕೇಸಿನ ದಿಕ್ಕು ನಿರ್ಧಾರವಾಗಿಹೋಯಿತು. ಇಲ್ಲಿ ಮಾತೇ ಕೆಲಸ. ಮುಂದೆ ಅರ್ಜಿ ಬರೆಯುವುದು, ತಾರೀಖು ಪಡೆಯುವುದನ್ನೆಲ್ಲ ಜೂನಿಯರ್ ಕೂಡ ಮಾಡಬಹುದು.

ಹಾಗಾದರೆ ಫೀಸಿಗೆ ಬೇರೆ ಕಾರಣ ಇಲ್ವಾ?

ಇದೆ. ಅದು ಹೊರಗಿನವರಿಗೆ ಗೊತ್ತಾಗುವುದು ಕಮ್ಮಿ.

ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ, ಒಂದು ಪಾರ್ಟಿಗೆ ಒಂದು ವಿಷಯದಲ್ಲಿ ಸಲಹೆ ಕೊಟ್ಟ ವಕೀಲರು ಅದೇ ವಿಷಯದಲ್ಲಿ ಎದುರು ಪಾರ್ಟಿಯ ಪರ ನಿಲ್ಲುವಂತಿಲ್ಲ. ನೀವು ಬಂದು ಒಂದು ಗಂಟೆ ಎಲ್ಲ ಹೇಳಿಕೊಂಡು ಸಲಹೆ ಪಡೆದು ಹೋದಿರಿ. ಮುಂದಿನ ವಾರ ನಿಮ್ಮ ಗಂಡನೋ ಹೆಂಡತಿಯೋ ಅದೇ ಆಫೀಸಿಗೆ ಬಂದರೆ ಆ ವಕೀಲರು ವಾಪಸ್ ಕಳಿಸಬೇಕು. ನೀವು ಕೇಸು ಕೊಡದಿದ್ದರೂ ಅಷ್ಟೇ. ಕೌಟುಂಬಿಕ ಕೇಸು ನೋಡುವವರು ನಾಲ್ಕೈದು ಮಂದಿ ಮಾತ್ರ ಇರುವ ತಾಲ್ಲೂಕು ಊರಲ್ಲಿ ಇದು ಸಣ್ಣ ಮಾತಲ್ಲ. ಊರಿನ ಒಳ್ಳೆಯ ವಕೀಲರನ್ನೆಲ್ಲ ಒಂದೊಂದು ಸಲ ಭೇಟಿಯಾಗಿ, ಎದುರು ಪಾರ್ಟಿಗೆ ಯಾರೂ ಸಿಗದ ಹಾಗೆ ಮಾಡುವ ಜಾಣರೂ ಇರುತ್ತಾರೆ. ಭೇಟಿ ಪುಕ್ಕಟೆಯಾದರೆ ಈ ಆಟ ಇನ್ನೂ ಸಲೀಸು.

ಇನ್ನೊಂದು ಕಾರಣ ಅಮೆರಿಕದಲ್ಲಿರುವ ಕನ್ನಡಿಗರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿ ಅಪಘಾತದ ಪರಿಹಾರ ಕೊಡಿಸುವ ವಕೀಲರು ಮೊದಲ ಭೇಟಿ ಫ್ರೀ ಎಂದು ದೊಡ್ಡ ಬೋರ್ಡ್ ಹಾಕಿರುತ್ತಾರೆ. ವಿಚ್ಛೇದನದ ವಕೀಲರು ಮಾತ್ರ ಗಂಟೆ ಲೆಕ್ಕ. ಯಾಕೆಂದರೆ ಅಪಘಾತದ ಕೇಸಿನಲ್ಲಿ ಗೆದ್ದ ಹಣದಲ್ಲಿ ಪಾಲು ಪಡೆಯಬಹುದು, ಮೊದಲ ಗಂಟೆಯ ನಷ್ಟ ಅಲ್ಲಿ ಭರ್ತಿಯಾಗುತ್ತದೆ. ವಿಚ್ಛೇದನ ಕೊಡಿಸಿದ್ದಕ್ಕೆ ಇಷ್ಟು, ಜೀವನಾಂಶದಲ್ಲಿ ಇಷ್ಟು ಪಾಲು ಎಂದು ಫೀಸು ಕಟ್ಟುವುದನ್ನು ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮಗಳು ನಿಷೇಧಿಸುತ್ತವೆ. ನಮ್ಮಲ್ಲಂತೂ ಯಾವ ಕೇಸಿಗೂ ಫಲಿತಾಂಶದ ಮೇಲೆ ಫೀಸು ಕಟ್ಟುವ ಹಾಗಿಲ್ಲ. "ಪರ್ಮನೆಂಟ್ ಅಲಿಮನಿ (ಶಾಶ್ವತ ಜೀವನಾಂಶ) ಬಂದರೆ ಹತ್ತು ಪರ್ಸೆಂಟ್ ಕೊಡಿ ಸಾಕು" ಎಂದು ಯಾರಾದರೂ ಹೇಳಿದರೆ, ಅದು ಔದಾರ್ಯವಲ್ಲ, ನಿಯಮಬಾಹಿರ.

ಮೂರನೆಯದು ನಾನು ಆಗಲೇ ಹೇಳಿದ ಸ್ವಾತಂತ್ರ್ಯದ ವಿಷಯ. ಮೊದಲ ಭೇಟಿ ಪುಕ್ಕಟೆಯಾದರೆ ವಕೀಲರಿಗೆ ದುಡ್ಡು ಬರುವುದು ನೀವು ಕೇಸು ಹಾಕಿದಾಗ ಮಾತ್ರ. ಎಲ್ಲರೂ ಹಾಗೆ ಮಾಡುತ್ತಾರೆ ಎಂದಲ್ಲ. ಆದರೂ "ಸ್ವಲ್ಪ ಕಾಯಿರಿ", "ಮೀಡಿಯೇಷನ್‌ಗೆ (ಮಧ್ಯಸ್ಥರ ಮುಂದೆ ರಾಜಿ ಮಾತುಕತೆ) ಹೋಗಿ ನೋಡಿ" ಎನ್ನುವ ಸಲಹೆಯಿಂದ ಅವರ ಜೇಬಿಗೆ ಏನೂ ಬರುವುದಿಲ್ಲ. ಕೌಟುಂಬಿಕ ಜಗಳದಲ್ಲಿ ಬಹಳ ಸಲ ಅದೇ ಸರಿಯಾದ ಸಲಹೆ. ಫೀಸು ಪಡೆದವರು ಅದನ್ನು ನಿಶ್ಚಿಂತೆಯಿಂದ ಹೇಳಬಹುದು.

ನಿಜ ಹೇಳಬೇಕೆಂದರೆ, ಸುಮ್ನೆ ಬೆಲೆ ವಿಚಾರಿಸಲು ಬರುವವರನ್ನು ದೂರ ಇಡುವುದಕ್ಕೂ ಕೆಲವರು ಫೀಸು ಇಡುತ್ತಾರೆ. ಅದೂ ಒಂದು ಕಾರಣವೇ.

ಹೆಜ್ಜೆ 1: ನಿಮಗೆ ಪುಕ್ಕಟೆ ಸಿಗುತ್ತದೆಯೇ ನೋಡಿ

ಖಾಸಗಿ ವಕೀಲರಿಗೆ ಫೀಸು ಕೊಡುವ ಮುಂಚೆ ಇದನ್ನು ನೋಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಉಚಿತ ಕಾನೂನು ನೆರವಿಗೆ ಹೆಣ್ಣುಮಕ್ಕಳು ಅರ್ಹರು. ಅವರ ಆದಾಯ ಎಷ್ಟೇ ಇರಲಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಅಂಗವಿಕಲರು ಕೂಡ ಅರ್ಹರು. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಇದೆ.

ಎಲ್ಲಿ ಹೋಗಬೇಕು? ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ, ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಪ್ರಾಧಿಕಾರ ಇರುತ್ತದೆ. ಬೆಂಗಳೂರಿನಲ್ಲಿ ರಾಜ್ಯ ಪ್ರಾಧಿಕಾರ ಇರುವುದು ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ. ಫೋನಲ್ಲೇ ಕೇಳಬೇಕೆಂದರೆ 15100. ಮನೆಯಲ್ಲಿ ಹಿಂಸೆ ನಡೆಯುತ್ತಿದ್ದರೆ ವಕೀಲರಿಗಾಗಿ ಕಾಯಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ.

"ಸರ್ಕಾರದ ವಕೀಲರು ಚೆನ್ನಾಗಿ ನಡೆಸಲ್ಲ" ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅವರಲ್ಲೂ ಒಳ್ಳೆಯವರು ಇದ್ದಾರೆ, ಅಷ್ಟಕ್ಕಷ್ಟೇ ಅನ್ನಿಸುವವರೂ ಇದ್ದಾರೆ. ಖಾಸಗಿಯಲ್ಲೂ ಕಥೆ ಅದೇ ತಾನೇ? ಒಮ್ಮೆ ಹೋಗಿ ಮಾತಾಡಿ ನೋಡುವುದರಲ್ಲಿ ಕಳೆದುಕೊಳ್ಳುವುದೇನಿಲ್ಲ.

ಹೆಜ್ಜೆ 2: ಫೋನಲ್ಲೇ ಕೇಳಬೇಕಾದ್ದು

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗ ನಾಚಿಕೆ ಬೇಡ. ಫೀಸು ಎಷ್ಟು, ಎಷ್ಟು ಹೊತ್ತಿಗೆ? ಮಾತಾಡುವುದು ವಕೀಲರೇನಾ, ಜೂನಿಯರಾ? ಕೇಸು ಅವರಿಗೇ ಕೊಟ್ಟರೆ ಈ ಹಣವನ್ನು ಮುಂದಿನ ಫೀಸಿನಲ್ಲಿ ಕಳೆಯುತ್ತಾರಾ? ಕೆಲವರು ಕಳೆಯುತ್ತಾರೆ, ಕೇಳಿದವರಿಗೆ ಮಾತ್ರ.

ಇಂತಿಷ್ಟೇ ಎಂಬ ದರ ಎಲ್ಲೂ ಇಲ್ಲ. ವಕೀಲರ ಅನುಭವ, ಕೇಸಿನ ಸ್ವರೂಪಕ್ಕೆ ತಕ್ಕಂತೆ ಇರಬೇಕು ಎಂದು ನಿಯಮ ಹೇಳುತ್ತದೆ, ಅಷ್ಟೇ. ಸಣ್ಣ ಊರಲ್ಲಿ ಕೆಲವು ನೂರಕ್ಕೆ ಮುಗಿಯುವುದು ಬೆಂಗಳೂರಿನಲ್ಲಿ ಕೆಲವು ಸಾವಿರ ಆಗಬಹುದು. ಒಂದು ವಿಷಯ ನೆನಪಿರಲಿ: ನಿಮ್ಮ ವೈಯಕ್ತಿಕ ಕೇಸಿಗೆ ವಕೀಲರು ಕೊಡುವ ಕಾನೂನು ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದ್ದರೆ ಯಾಕೆ ಎಂದು ಕೇಳಿ.

"ಮೊದಲ ಸಲಹೆ ಫ್ರೀ, ನೂರಕ್ಕೆ ನೂರು ಡಿವೋರ್ಸ್" ಎಂಬ ಆನ್‌ಲೈನ್ ಜಾಹೀರಾತುಗಳ ಹತ್ತಿರ ಹುಷಾರು. ಭಾರತದಲ್ಲಿ ವಕೀಲರು ಜಾಹೀರಾತು ಕೊಟ್ಟು ಕೇಸು ಹಿಡಿಯುವಂತಿಲ್ಲ. ನಿಯಮ ಮೀರಿ ಶುರು ಮಾಡಿದವರು ಮುಂದೆ ಹೇಗೆ ನಡೆಸುತ್ತಾರೋ ನೀವೇ ಯೋಚಿಸಿ.

ಹೆಜ್ಜೆ 3: ಒಂದು ಹಾಳೆ ಬರೆಯಿರಿ

ಫೀಸು ವಸೂಲಾಗುವುದು ಈ ಹಾಳೆಯಿಂದ. ಒಂದೇ ಹಾಳೆ, ಎರಡು ಬೇಡ. ಕಥೆಯೂ ಬೇಡ, ತಾರೀಖುಗಳು ಸಾಕು.

ಮದುವೆ ತಾರೀಖು, ಊರು. ಯಾವ ಪದ್ಧತಿಯಲ್ಲಿ ಆಯಿತು, ರಿಜಿಸ್ಟರ್ ಆಗಿದೆಯೇ? ಹಿಂದೂ ವಿವಾಹ ಕಾಯ್ದೆಯೋ, 1954ರ ವಿಶೇಷ ವಿವಾಹ ಕಾಯ್ದೆಯೋ ಎನ್ನುವುದರ ಮೇಲೆ ಯಾವ ಸೆಕ್ಷನ್ ಎನ್ನುವುದು ನಿಲ್ಲುತ್ತದೆ. ಕ್ರೈಸ್ತ, ಮುಸ್ಲಿಂ ಮದುವೆಗಳಿಗೆ ಕಾಯ್ದೆಗಳೇ ಬೇರೆ. ಎಲ್ಲೆಲ್ಲಿ ಒಟ್ಟಿಗಿದ್ದಿರಿ, ಯಾವಾಗಿಂದ ಬೇರೆ ಇದ್ದೀರಿ. ಮಕ್ಕಳ ವಯಸ್ಸು, ಈಗ ಯಾರ ಹತ್ತಿರ ಇದ್ದಾರೆ. ಪೊಲೀಸ್ ಠಾಣೆಗೆ, ಸಾಂತ್ವನ ಕೇಂದ್ರಕ್ಕೆ ಹೋಗಿದ್ದರೆ ಯಾವಾಗ, ಏನು ಬರೆದುಕೊಟ್ಟಿರಿ. ಎದುರು ಕಡೆಯಿಂದ ನೋಟಿಸ್ ಬಂದಿದ್ದರೆ ಯಾವ ದಿನ ಕೈಗೆ ಬಂತು, ಕೋರ್ಟಿಗೆ ಯಾವ ದಿನ ಬರಲು ಹೇಳಿದ್ದಾರೆ.

ನೋಟಿಸಿನ ವಿಷಯದಲ್ಲಿ ಉದಾಸೀನ ಮಾಡಬೇಡಿ. ಆ ದಿನ ಹಾಜರಾಗದೆ ಹೋದರೆ ಕೋರ್ಟ್ ಎಕ್ಸ್‌ಪಾರ್ಟಿ ಮಾಡಿ, ಅಂದರೆ ನೀವಿಲ್ಲದೆಯೇ, ಕೇಸು ಮುಂದುವರಿಸಬಹುದು. "ತಗೊಳ್ಳದೆ ವಾಪಸ್ ಕಳಿಸಿದೆ" ಎನ್ನುವುದು ಜಾಣತನವಲ್ಲ.

ಹೆಜ್ಜೆ 4: ಕಾಗದಪತ್ರ

ಜೆರಾಕ್ಸ್ ಮಾತ್ರ ತೆಗೆದುಕೊಂಡು ಹೋಗಿ. ಮದುವೆ ಸರ್ಟಿಫಿಕೇಟು ಇಲ್ಲದಿದ್ದರೆ ಆಮಂತ್ರಣ ಪತ್ರಿಕೆ, ಒಂದೆರಡು ಫೋಟೊ ಸಾಕು. ಇಡೀ ಆಲ್ಬಮ್ ಹೊತ್ತುಕೊಂಡು ಹೋಗುವವರಿದ್ದಾರೆ. ಅದನ್ನು ತಿರುವಿ ನೋಡುವುದರಲ್ಲೇ ನಿಮ್ಮ ಗಂಟೆ ಮುಗಿಯುತ್ತದೆ.

ಜೀವನಾಂಶದ ಮಾತಿದ್ದರೆ ಹಣದ ಕಾಗದಗಳೇ ಮುಖ್ಯ. 2020ರ ನವೆಂಬರಿನಲ್ಲಿ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಲೇಬೇಕು ಎಂದಿತು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು ಎಂದೂ ಹೇಳಿತು. ಹಾಗಾಗಿ ಸಂಬಳದ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್, ಬಾಡಿಗೆ ಕರಾರು, ಇಎಂಐ, ಮಕ್ಕಳ ಸ್ಕೂಲ್ ಫೀಸಿನ ರಸೀದಿ ಜೋಡಿಸಿಕೊಳ್ಳಿ. ಎದುರು ಪಾರ್ಟಿಯ ಸಂಬಳ ನಿಮಗೆ ಗೊತ್ತಿಲ್ಲದಿದ್ದರೆ ಕಂಪನಿ ಹೆಸರು, ಹುದ್ದೆಯನ್ನಾದರೂ ಬರೆದುಕೊಳ್ಳಿ.

ವಾಟ್ಸ್ಆ್ಯಪ್ ಮೆಸೇಜು ಅಳಿಸಬೇಡಿ, ಫೋನ್ ಮಾರಬೇಡಿ. ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿದರೆ ಮುಗಿಯಿತು ಎಂದುಕೊಳ್ಳಬೇಡಿ. ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕಾಗುತ್ತದೆ. ನಾಲ್ಕು ಸಾವಿರ ಮೆಸೇಜಿನಲ್ಲಿ ಹತ್ತು ಮುಖ್ಯವಾದವನ್ನು ಗುರುತು ಹಾಕಿಕೊಂಡು ಹೋಗಿ.

ಮೂಲ ಪ್ರತಿಗಳನ್ನು ವಕೀಲರ ಬಳಿ ಬಿಟ್ಟು ಬರಬೇಡಿ. ಫೀಸು ಬಾಕಿ ಇದೆ ಎಂದು ಕಕ್ಷಿದಾರರ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಆದರೂ ಆ ಜಗಳ ಯಾಕೆ ಬೇಕು?

ಹೆಜ್ಜೆ 5: ಒಳಗೆ ಕೂತಾಗ

ಮೊದಲ ಕೆಲಸ, ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ. ಎಷ್ಟೋ ಆಫೀಸುಗಳಲ್ಲಿ ನೋಡುವುದು ಇದನ್ನೇ: ಅಪ್ಪ ಮಾತಾಡುತ್ತಾರೆ, ಸೋದರಮಾವ ಮಾತಾಡುತ್ತಾರೆ, ಬಾವ ಮಧ್ಯೆ ತಿದ್ದುತ್ತಾರೆ. ಯಾರ ಸಂಸಾರವೋ ಅವರು ಮಾತ್ರ ನೆಲ ನೋಡುತ್ತಾ ಕೂತಿರುತ್ತಾರೆ. ಅಪ್ಪನ ಮುಂದೆ ಹೇಳಲಾಗದ್ದು ಕೇಸಿನ ಮುಖ್ಯ ಭಾಗವಾಗಿರಬಹುದು. ಅದೂ ಅಲ್ಲದೆ ಜೊತೆಗೆ ಬಂದವರೇ ನಾಳೆ ಸಾಕ್ಷಿ ಆಗಬೇಕಾಗಬಹುದು.

ನಿಮಗೆ ವಿರುದ್ಧವಾಗಿರುವುದನ್ನೇ ಮೊದಲು ಹೇಳಿ. ನೀವು ಕೈಮಾಡಿದ್ದರೆ, ಬೇರೆ ಸಂಬಂಧ ಇದ್ದರೆ, ಸಂಬಳ ಮುಚ್ಚಿಟ್ಟಿದ್ದರೆ, ಮೊದಲೊಂದು ಕೇಸು ಹಾಕಿ ಬಿಟ್ಟಿದ್ದರೆ. ವಕೀಲರಿಗೆ ಹೇಳಿದ್ದು ಅವರ ಹತ್ತಿರವೇ ಉಳಿಯಬೇಕು ಎಂಬುದು ಕಾನೂನು. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ಅದನ್ನು ಕಾಯುತ್ತದೆ. ಮುಂದೆ ಮಾಡಲಿರುವ ಅಪರಾಧಕ್ಕೆ ಸಲಹೆ ಕೇಳಿದರೆ ಆ ರಕ್ಷಣೆ ಇಲ್ಲ. ಈಗ ಮುಚ್ಚಿಟ್ಟದ್ದು ಪಾಟೀಸವಾಲಿನಲ್ಲಿ ಹೊರಬಂದರೆ ನಿಮ್ಮ ವಕೀಲರಿಗೂ ಅದು ಹೊಸ ಸುದ್ದಿಯಾಗಿರುತ್ತದೆ.

ಆಮೇಲೆ ನಿಮ್ಮ ಪ್ರಶ್ನೆಗಳು. ಕೇಸು ಹಾಕದೆ ಇದ್ದರೆ ಏನಾಗುತ್ತದೆ? ಇದನ್ನು ತಪ್ಪದೆ ಕೇಳಿ, ಉತ್ತರವನ್ನು ಗಮನವಿಟ್ಟು ಕೇಳಿಸಿಕೊಳ್ಳಿ. ಒಪ್ಪಿಗೆಗೆ ದಾರಿ ಇದೆಯೇ? ಫ್ಯಾಮಿಲಿ ಕೋರ್ಟ್ ಹೇಗೂ ಮೊದಲು ರಾಜಿಗೆ ಪ್ರಯತ್ನಿಸಲೇಬೇಕು, 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯ 9ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಬೆಂಗಳೂರಿನಲ್ಲಿ ಇಂಥ ಕೇಸುಗಳು ನ್ಯಾಯ ದೇಗುಲದಲ್ಲೇ ಇರುವ ಮೀಡಿಯೇಷನ್ ಸೆಂಟರಿಗೆ ಹೋಗುತ್ತವೆ. ಮಧ್ಯಂತರ ಜೀವನಾಂಶ, ಮಗುವನ್ನು ನೋಡುವ ಹಕ್ಕು ಎಷ್ಟು ಬೇಗ ಸಿಗಬಹುದು? ಒಟ್ಟು ಫೀಸು ಹೇಗೆ, ವಾಯ್ದೆಗಿಷ್ಟಾ ಅಥವಾ ಹಂತಕ್ಕಿಷ್ಟಾ? ಕೋರ್ಟಿಗೆ ಬರುವುದು ನೀವೋ ಜೂನಿಯರೋ?

ಇನ್ನೊಂದು ಕೇಳಬಹುದು. ಫ್ಯಾಮಿಲಿ ಕೋರ್ಟ್ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅಲ್ಲಿ ವಕೀಲರ ಮೂಲಕ ವಾದಿಸುವುದು ಹಕ್ಕಲ್ಲ, ಕೋರ್ಟಿನ ಅನುಮತಿಯ ವಿಷಯ. ರೂಢಿಯಲ್ಲಿ ಅನುಮತಿ ಸಿಗುತ್ತದೆ. ಆದರೆ ಆಸ್ತಿ, ಮಕ್ಕಳ ತಕರಾರು ಏನೂ ಇಲ್ಲದ, ಇಬ್ಬರೂ ಒಪ್ಪಿದ ಕೇಸಿಗೆ ಎಷ್ಟು ವಕೀಲಿಕೆ ಬೇಕು ಎಂದು ನೇರವಾಗಿ ಕೇಳಿ.

ವಿದೇಶದಲ್ಲಿ ಇರುವವರು ಎರಡು ಕಡೆ ಸಲಹೆ ಪಡೆಯಬೇಕಾಗುತ್ತದೆ, ಎರಡು ಫೀಸು ತಪ್ಪುವುದಿಲ್ಲ. ಅಲ್ಲಿನ ಕೋರ್ಟ್ ಕೊಟ್ಟ ವಿಚ್ಛೇದನ ಇಲ್ಲಿ ತಾನಾಗಿ ನಡೆಯುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಯಾದರೆ, ಆ ಕಾಯ್ದೆಯಲ್ಲಿರುವ ಕಾರಣಕ್ಕೇ ಕೊಟ್ಟಿರಬೇಕು, ಎದುರು ಪಾರ್ಟಿಯೂ ಆ ಕೋರ್ಟನ್ನು ಒಪ್ಪಿ ಭಾಗವಹಿಸಿರಬೇಕು. 1991ರ ನರಸಿಂಹ ರಾವ್ ವಿರುದ್ಧ ವೆಂಕಟಲಕ್ಷ್ಮಿ ತೀರ್ಪಿನಿಂದ ಇದು ನಡೆದುಬಂದಿದೆ. ಅಮೆರಿಕದಲ್ಲಿ ಡಿಕ್ರಿ ಪಡೆದು ಇಲ್ಲಿ ಮರುಮದುವೆಗೆ ಹೊರಟವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಹೆಜ್ಜೆ 6: ಎದ್ದು ಬರುವಾಗ

ಅಂದೇ ವಕಾಲತ್ತಿಗೆ (ನಿಮ್ಮ ಪರ ಕೋರ್ಟಿನಲ್ಲಿ ನಿಲ್ಲಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ) ಸಹಿ ಹಾಕಬೇಡಿ. ನಾಳೆಯೇ ಹಾಜರಾಗಬೇಕಾದ ನೋಟಿಸ್ ಇದ್ದರೆ ಮಾತು ಬೇರೆ. ಒಮ್ಮೆ ವಕಾಲತ್ತು ಹಾಕಿದ ಮೇಲೆ ವಕೀಲರನ್ನು ಬದಲಿಸಬೇಕೆಂದರೆ ಹಳಬರ ಎನ್‌ಒಸಿ ಅಥವಾ ಕೋರ್ಟಿನ ಅನುಮತಿ ಅಂತ ಓಡಾಟ ಶುರುವಾಗುತ್ತದೆ. ಖಾಲಿ ಹಾಳೆಗೆ, ಖಾಲಿ ಸ್ಟಾಂಪ್ ಪೇಪರಿಗೆ ಯಾವತ್ತೂ ಸಹಿ ಬೇಡ.

"ಮೂರೇ ತಿಂಗಳಲ್ಲಿ ಕೊಡಿಸ್ತೀನಿ", "ಜಡ್ಜ್ ನಮಗೆ ಗೊತ್ತು" ಎಂದವರ ಬಳಿ ಮತ್ತೆ ಹೋಗಬೇಡಿ, ಕೊಟ್ಟ ಫೀಸು ಹೋದರೆ ಹೋಯಿತು. ಗಂಡನ ಮನೆಯವರನ್ನೆಲ್ಲ ಸೇರಿಸಿ ಕ್ರಿಮಿನಲ್ ಕೇಸು ಹಾಕಿದರೆ ಬಗ್ಗುತ್ತಾರೆ ಎಂದು ನಿಮ್ಮ ಕಥೆ ಕೇಳುವ ಮುಂಚೆಯೇ ಹೇಳುವವರೂ ಅದೇ ಜಾತಿ. ನಿಜವಾಗಿ ಕ್ರೌರ್ಯ ನಡೆದಿದ್ದರೆ ಆ ಕೇಸು ಬೇಕೇ ಬೇಕು. ಚೌಕಾಸಿಗೆಂದು ಹಾಕಿದ ಕೇಸು ಒಪ್ಪಂದದ ದಾರಿಯನ್ನೇ ಮುಚ್ಚುವುದುಂಟು.

ಕೊಟ್ಟ ಹಣಕ್ಕೆ ರಸೀದಿ ಕೇಳಿ. ಯುಪಿಐನಲ್ಲಿ ಕೊಟ್ಟರೆ ದಾಖಲೆಯಾದರೂ ಉಳಿಯುತ್ತದೆ. ಹೊರಗೆ ಬಂದು ಅರ್ಧ ಗಂಟೆಯೊಳಗೆ ಅವರು ಹೇಳಿದ್ದನ್ನು ಬರೆದಿಡಿ. ಇನ್ನೊಬ್ಬ ವಕೀಲರ ಸಲಹೆ ಪಡೆದರೆ ಹೋಲಿಸಿ ನೋಡಲು ಅದೇ ಆಧಾರ. ಇಬ್ಬರೂ ಒಂದೇ ದಾರಿ ಹೇಳಿದರೆ ಎರಡನೇ ಫೀಸೂ ದಂಡವಾಗಲಿಲ್ಲ.

ಕೇಸು ಹಾಕಿದ ಮೇಲೆ ಅದರ ಸಿಎನ್‌ಆರ್ ನಂಬರು (ಕೇಸಿನ ಗುರುತಿನ ಸಂಖ್ಯೆ) ಕೇಳಿ ಇಟ್ಟುಕೊಳ್ಳಿ. ಹದಿನಾರು ಅಕ್ಷರ-ಅಂಕಿಗಳ ಆ ನಂಬರನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ತಾರೀಖು, ಹಿಂದಿನ ದಿನ ಏನಾಯಿತು ಎಲ್ಲ ಕಾಣುತ್ತದೆ. ದಿನಾ ವಕೀಲರಿಗೆ ಫೋನ್ ಮಾಡುವುದು ತಪ್ಪುತ್ತದೆ.

ದುಡ್ಡು ಪಡೆದು ಮೋಸ ಮಾಡಿದರೆ? ಗ್ರಾಹಕರ ಕೋರ್ಟಿಗೆ ಹೋಗುವ ಹಾಗಿಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರ ಕಾಯ್ದೆಯ 35ನೇ ಸೆಕ್ಷನ್ ಅಡಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬೇಕು. ಆಗ ಆ ರಸೀದಿ ಅಥವಾ ಯುಪಿಐ ದಾಖಲೆ, ನೀವು ಬರೆದಿಟ್ಟ ಟಿಪ್ಪಣಿ, ಮೆಸೇಜುಗಳು, ಎಲ್ಲವನ್ನೂ ದೂರಿನ ಜೊತೆ ಲಗತ್ತಿಸಿ.